ಹುಣ್ಣು ಮಾಯಿಸುವ ಹುಳು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬಯಲಿನಲ್ಲಿ ಕೆಂಗುರಿಯ ಮಂದೆ ಕಾಯುವವನಿಗೆ ‘ಹುಳುವಿನಿಂದ ಹುಣ್ಣು ಮಾಯುತ್ತದೆ’ ಎಂದು ಹೇಳಿದರೆ ಅವನು ನಗದೆ ಇರಲಾರನು. ಜಾಲಿಮುಳ್ಳು ಗೀರಿದ ಗಾಯವಾಗಲಿ, ಟಗರಿನ ಒಡೆದ ಕೊಂಬಿನ ಬುಡವಾಗಲಿ, ಎಳೆಯ ಮರಿಯ ಹೊಕ್ಕುಳಾಗಲಿ, ಮಳೆಗಾಲದಲ್ಲಿ ಎರಡು ದಿನ ಅಲಕ್ಷಿಸಿದರೆ ಅಲ್ಲಿ ಹುಳು ಬೀಳುತ್ತದೆ. ಟರ್ಪೆಂಟೈನ್ ಎಣ್ಣೆಯನ್ನು ಬಿಟ್ಟೋ ಸೀತಾಫಲದ ಎಲೆಯನ್ನು ಅರೆದು ಮೆತ್ತಿಯೋ ಅದನ್ನು ಹೊರಡಿಸದೆ ಪ್ರಾಣಿ ಉಳಿಯುವುದು ಕಷ್ಟ.

ಕುರಿಗಾಹಿಯ ಭಯ ನ್ಯಾಯವಾದುದೇ. ನಮ್ಮ ದೇಶದ ದನಕುರಿಗಳನ್ನು ಕಾಡುವ ‘ಕ್ರೈಸೊಮಿಯ ಬೆಜ್ಜಿಯಾನ’ ಎಂಬ ನೊಣದ ಮರಿಹುಳು ಜೀವಂತ ಮಾಂಸವನ್ನೇ ತಿನ್ನುತ್ತದೆ. ಗಾಯದ ಅಂಚಿನಲ್ಲಿಟ್ಟ ಮೊಟ್ಟೆಗಳು ಒಂದು ದಿನದೊಳಗೆ ಒಡೆಯುತ್ತವೆ; ಮರಿಗಳು ತಲೆಯನ್ನು ಒಳಗಿಟ್ಟು, ಉಸಿರಾಟಕ್ಕಾಗಿ ಬಾಲವನ್ನು ಹೊರಗಿಟ್ಟು, ಒಂದು ವಾರ ಕೊರೆಯುತ್ತವೆ. ಮನುಷ್ಯರ ಮೂಗಿನಲ್ಲಿಯೂ ಇವು ಬಿದ್ದುದುಂಟು.

ಆದರೆ ನೊಣಗಳೆಲ್ಲ ಒಂದೇ ಜಾತಿಯವಲ್ಲ. ವೈದ್ಯರು ಬಳಸುವುದು ‘ಲುಸಿಲಿಯ ಸೆರಿಕೇಟ’ ಎಂಬ ಮಿರುಗುವ ಹಸಿರು ನೊಣದ ಮರಿಹುಳುವನ್ನು. ಇದರ ಆಹಾರ ಸತ್ತ ಮಾಂಸ. 1917ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಏಳು ದಿನ ಬಿದ್ದಿದ್ದ ಇಬ್ಬರು ಸೈನಿಕರನ್ನು ವಿಲಿಯಂ ಬೇರ್ ಎಂಬ ಅಮೆರಿಕದ ಶಸ್ತ್ರವೈದ್ಯನು ಪರೀಕ್ಷಿಸಿದನು. ತೊಡೆಯ ಮೂಳೆ ಮುರಿದಿತ್ತು, ಹೊಟ್ಟೆಗೆ ಗಾಯವಾಗಿತ್ತು; ಜ್ವರ ಮಾತ್ರ ಇರಲಿಲ್ಲ. ಗಾಯದ ತುಂಬ ಮಿಡುಕುತ್ತಿದ್ದ ಹುಳುಗಳನ್ನು ತೊಳೆದಾಗ ಕೆಳಗೆ ಕಂಡದ್ದು ನಸುಗೆಂಪಾದ ಹೊಸ ಮಾಂಸ! ಹನ್ನೊಂದು ವರ್ಷಗಳ ಬಳಿಕ ಬೇರ್ ಬಾಲ್ಟಿಮೋರಿನಲ್ಲಿ ಮೂಳೆ ಕೊಳೆತ ರೋಗಿಗಳಿಗೆ ಈ ಚಿಕಿತ್ಸೆಯನ್ನು ಆರಂಭಿಸಿದನು. ಕೆಲವರಿಗೆ ಧನುರ್ವಾಯು ತಗುಲಿದುದರಿಂದ ಮೊಟ್ಟೆಗಳನ್ನು ಔಷಧದಲ್ಲಿ ತೊಳೆದು ರೋಗಾಣುರಹಿತವಾದ ಹುಳುಗಳನ್ನು ಸಾಕಬೇಕಾಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದಿತು, ಹುಳು ಮರೆಯಾಯಿತು. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳು ಹೆಚ್ಚಿದ ಮೇಲೆ ಅದು ಮರಳಿ ಬಂದಿತು. 2004ರಲ್ಲಿ ಅಮೆರಿಕದ ಸರ್ಕಾರ ಅದನ್ನು ವೈದ್ಯಕೀಯ ಸಾಧನವೆಂದು ಅಂಗೀಕರಿಸಿತು.

ಈ ಹುಳು ಮಾಡುವುದೇನು? ಅದಕ್ಕೆ ಅಗಿಯುವ ಹಲ್ಲಿಲ್ಲ; ಬಾಯಲ್ಲಿ ಎರಡು ಕೊಕ್ಕೆಗಳಿವೆ, ಅಷ್ಟೆ. ಆದುದರಿಂದ ಅದು ಉಣ್ಣುವ ಮೊದಲೇ, ದೇಹದ ಹೊರಗೆ, ಅಡಿಗೆ ಮಾಡಿಕೊಳ್ಳುತ್ತದೆ ಎನ್ನಬಹುದು. ಅದು ಸ್ರವಿಸುವ ರಸದಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿವೆ. ನಮ್ಮ ಕರುಳಿನಲ್ಲಿ ಅನ್ನ ಅರಗಿಸುವ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್‌ಗಳ ನೆಂಟರು ಇವು. ಕೊಳೆತ ಮಾಂಸ ಅದರಲ್ಲಿ ಕರಗಿ ಗಂಜಿಯಂತಾಗುತ್ತದೆ. ಹುಳು ಅದನ್ನು ಹೀರುತ್ತದೆ. ಕೀವಿನೊಡನೆ ಬ್ಯಾಕ್ಟೀರಿಯಗಳೂ ಹೊಟ್ಟೆ ಸೇರಿ ಬಹುಮಟ್ಟಿಗೆ ನಾಶವಾಗುತ್ತವೆ. ಬ್ಯಾಕ್ಟೀರಿಯಗಳು ತಮ್ಮ ಸುತ್ತ ಕಟ್ಟಿಕೊಳ್ಳುವ, ಔಷಧವೂ ಸುಲಭವಾಗಿ ದಾಟಲಾರದ ಅಂಟುಪೊರೆಯನ್ನೂ ಈ ರಸ ಸಡಿಲಿಸುತ್ತದೆ. ಕೆಲವು ಬಗೆಯ ಬ್ಯಾಕ್ಟೀರಿಯಗಳನ್ನು ಕೊಲ್ಲುವ ‘ಲುಸಿಫೆನ್ಸಿನ್’ ಎಂಬ ವಸ್ತುವೂ ಈ ಹುಳುವಿನಲ್ಲಿದೆಯೆಂದು 2010ರಲ್ಲಿ ತಿಳಿದುಬಂದಿತು. ಇನ್ನೂ ಕುತೂಹಲದ ಸಂಗತಿಯೆಂದರೆ, ಹೊಸ ಮಾಂಸವನ್ನು ನೇಯುವ ಜೀವಕೋಶಗಳು ಈ ರಸ ತಾಗಿದಾಗ ಹೆಚ್ಚು ಚುರುಕಾಗಿ ಸರಿದಾಡುವುದು ಪ್ರಯೋಗಶಾಲೆಯಲ್ಲಿ ಕಂಡಿದೆ.

ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲ ರೋಗಿಯ ಕಾಲಿನಲ್ಲಿ ಕಾಣಬೇಕೆಂಬ ನಿಯಮವಿಲ್ಲ. 267 ರೋಗಿಗಳ ಕಾಲಿನ ಹುಣ್ಣುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು: ಹುಳುಗಳು ಹುಣ್ಣನ್ನು ಬಹುಬೇಗ ಶುದ್ಧಗೊಳಿಸಿದವು, ಆದರೆ ಹುಣ್ಣು ಮಾಯಲು ಹಿಡಿದ ಕಾಲ ಕಡಮೆಯಾಗಲಿಲ್ಲ, ನೋವು ಮಾತ್ರ ಹೆಚ್ಚಾಗಿತ್ತು. ಆದರೂ ಶುದ್ಧಿಯೇ ಸಣ್ಣ ಲಾಭವೆನ್ನಲಾಗದು. ತುಂಗಭದ್ರೆಯ ಕಾಲುವೆಯ ನೀರಿನ ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವ ರೈತನಿಗೆ ಸಿಹಿಮೂತ್ರ ರೋಗವಿದ್ದು, ಪಾದದ ಸ್ಪರ್ಶ ಕುಂದಿದ್ದರೆ, ಮುಳ್ಳು ನೆಟ್ಟುದೇ ಅವನಿಗೆ ತಿಳಿಯದು. ಕೊಳೆತುದನ್ನು ಸಕಾಲದಲ್ಲಿ ತೆಗೆಯದಿದ್ದರೆ ಕಾಲನ್ನೇ ಕತ್ತರಿಸಬೇಕಾದೀತು. ಹಾಗೆಂದು, ಹೊಲದಲ್ಲಿ ತಾನಾಗಿ ಬಿದ್ದ ಹುಳುವನ್ನು ಗಾಯದಲ್ಲಿ ಉಳಿಸಿಕೊಳ್ಳುವುದು ಅಪಾಯ. ಅದು ಯಾವ ನೊಣದ್ದೋ, ಯಾವ ರೋಗಾಣುವನ್ನು ಹೊತ್ತು ತಂದಿದೆಯೋ ಬಲ್ಲವರಾರು? ಚಿಕಿತ್ಸೆಯಲ್ಲಿ ಎಣಿಸಿ ಬಿಡುವುದು ಚದರ ಸೆಂಟಿಮೀಟರಿಗೆ ಐದರಿಂದ ಹತ್ತು. ಎರಡು ಮೂರು ದಿನಗಳಲ್ಲಿ ಅವನ್ನು ತೆಗೆದುಬಿಡುತ್ತಾರೆ.

ಹುಳುವನ್ನು ಕಂಡರೆ ಹೇಸುವವರಿಗಾಗಿ ವಿಜ್ಞಾನಿಗಳು ಬೇರೊಂದು ದಾರಿಯನ್ನೂ ಹುಡುಕುತ್ತಿದ್ದಾರೆ. ಹುಳುವಿನ ಒಂದು ಕಿಣ್ವವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿ, ಹುಳುವಿಲ್ಲದೆ ಅದರ ರಸವನ್ನಷ್ಟೆ ಹುಣ್ಣಿಗೆ ಹಚ್ಚುವ ಪ್ರಯತ್ನ ಅದು.