ಸಿಕ್ಕ ವಸ್ತು ಎತ್ತಿಕೊಂಡ ಮೇಲೆ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ನೂಕುನುಗ್ಗಲಲ್ಲಿ ಒಂದು ಪರ್ಸ್ ಕಾಲಿಗೆ ತಾಗಿತೆನ್ನಿ. ವಾರಸುದಾರರಿಗೆ ಮುಟ್ಟಿಸಲೆಂದು ಎತ್ತಿಕೊಂಡರೆ ತಪ್ಪಿಲ್ಲ. ಆದರೆ ಎತ್ತಿದ ಗಳಿಗೆಯಿಂದಲೇ ಹೊಣೆ ನಿಮ್ಮದು. ನಂಬಿ ಇಟ್ಟುಹೋದ ವಸ್ತುವಿನಷ್ಟೇ ಜೋಪಾನವಾಗಿ ಅದನ್ನು ಕಾಯಬೇಕು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಂ. ಯಾರದೆಂದು ಗೊತ್ತಿದ್ದೂ, ಅಥವಾ ಪತ್ತೆ ಹಚ್ಚುವ ದಾರಿಯಿದ್ದೂ ಸ್ವಂತಕ್ಕೆ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಹಾಗಾದರೆ ಹುಡುಕುವುದು ಹೇಗೆ? ಮೊಬೈಲ್ ಆದರೆ ಸಿಮ್ ತೆಗೆಯಬೇಡಿ, ಚಾರ್ಜ್ ಇಳಿಯಲು ಬಿಡಬೇಡಿ. ಕಳಕೊಂಡವರೇ ಫೋನ್ ಮಾಡುತ್ತಾರೆ. ಬಸ್ಸಿನಲ್ಲಿ ಸಿಕ್ಕಿದ್ದನ್ನು ಕಂಡಕ್ಟರಿಗೆ ತೋರಿಸಿ. ಮೈಕಿನಲ್ಲಿ ಕೂಗಿಸುವಾಗ ‘ಒಂದು ಸರ ಸಿಕ್ಕಿದೆ’ ಎಂದಷ್ಟೇ ಹೇಳಿಸಿ. ತಾಳಿಸರದಲ್ಲಿ ಎಷ್ಟು ಗುಂಡು, ಕರಿಮಣಿ ಹೇಗೆ ಪೋಣಿಸಿದೆ, ಕೊಂಡಿ ಸವೆದಿದೆಯೇ, ದಾರ ಸುತ್ತಿದೆಯೇ ಎಂಬುದನ್ನೆಲ್ಲ ಕೇಳಿಕೊಂಡು ಬಂದವರೇ ಹೇಳಲಿ. ಯಾರೂ ಬಾರದಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸಿ, ವಸ್ತುಗಳ ಪಟ್ಟಿ ಸಹಿತ ಸ್ವೀಕೃತಿ ಪಡೆಯಿರಿ. ಹುಡುಕಲು ತಗುಲಿದ ಖರ್ಚು ಕೇಳುವುದು ನ್ಯಾಯವೇ. ಕಳಕೊಂಡವರು ಮೊದಲೇ ಬಹುಮಾನ ಸಾರಿದ್ದರೆ ಅದೂ ನಿಮ್ಮ ಹಕ್ಕು.

ತಪ್ಪಿ ಖಾತೆಗೆ ಬಂದ ಹಣಕ್ಕೂ ಇದೇ ನಿಯಮ. ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ ವಾಪಸ್ ಕೊಡಲೇಬೇಕು. ಆದರೆ ಫೋನಿನಲ್ಲಿ ಅವಸರ ಮಾಡಿದವರಿಗೆ ಕಳಿಸಿಬಿಡಬೇಡಿ, ಮೋಸವಿರಬಹುದು. ಬ್ಯಾಂಕಿಗೆ ಹೋಗಿ ಬರೆದುಕೊಡಿ.

ಕಾನೂನು ಕೇಳುವುದು ಇಷ್ಟೇ: ವಾರಸುದಾರರು ಇದ್ದಾರೆಯೇ, ನೀವು ಹುಡುಕಿದಿರಾ? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆ ಎದ್ದಿತ್ತು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂದು ಕಥೆ. ಆ ಅಕ್ಕಿಯನ್ನು ಕೇಳುವವರು ಯಾರೂ ಇರಲಿಲ್ಲ. ಆದರೂ ಅದು ತಮ್ಮ ಅಗತ್ಯಕ್ಕೆ ಮೀರಿದ್ದು ಎಂಬುದೇ ಅವಳಿಗೆ ಸಾಕಾಯಿತು. ದಾರಿಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಕೈಯಿಂದ ಮುಟ್ಟೆನೆಂದು ಶರಣೆ ಸತ್ಯಕ್ಕ ವಚನದಲ್ಲೇ ಆಣೆಯಿಟ್ಟಳು. ಬಡತನದಲ್ಲಿದ್ದ ಹೆಂಗಸರು ಹಾಕಿಕೊಂಡ ಈ ಗೆರೆ ನನಗೆ ಯಾವ ಕಲಮಿಗಿಂತಲೂ ದೊಡ್ಡದು.

ನೆಲದೊಳಗೆ ಸಿಕ್ಕಿದ್ದಕ್ಕೆ ಬೇರೆಯೇ ಕಾಯ್ದೆಯಿದೆ. ಆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಪಾಯ ಅಗೆಯುವಾಗ, ಹೊಲ ಉಳುವಾಗ ನಾಣ್ಯವೋ ಮೂರ್ತಿಯೋ ಬಂದರೆ ಅಚ್ಚರಿಯಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯಡಿ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೊಲ ನಿಮ್ಮದೇ ಆದರೂ ಮುಚ್ಚಿಡುವಂತಿಲ್ಲ. ಅಕ್ಕಸಾಲಿಗರ ಕುಲುಮೆಗೆ ಹೋದರೆ ನಾಣ್ಯದ ಮೇಲಿನ ಅಕ್ಷರ ಮತ್ತೆ ಸಿಗುವುದಿಲ್ಲ. ತೊಳೆಯಬೇಡಿ, ಉಜ್ಜಬೇಡಿ. ಎಷ್ಟು ಆಳದಲ್ಲಿ, ಯಾವುದರ ಪಕ್ಕ ಸಿಕ್ಕಿತೆಂದು ಫೋಟೊ ತೆಗೆದುಕೊಂಡು, ಅಗೆತ ನಿಲ್ಲಿಸಿ, ಅಂದೇ ತಹಸೀಲ್ದಾರರ ಕಚೇರಿಯ ಮೂಲಕ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ.