ಹಕ್ಕಿ ಕಮ್ಮಿ ಆದವಾ, ನಾವು ಲೇಟಾಗಿ ಎದ್ವಾ?

ಈ ಫೆಬ್ರವರಿಯಲ್ಲಿ ನಮ್ಮ ಕ್ಯಾಂಪಸ್‌ನ ಹಕ್ಕಿ ಪಟ್ಟಿ ಹೋದ ವರ್ಷದ್ದಕ್ಕಿಂತ ಚಿಕ್ಕದಾಗಿತ್ತು. ಕುಟ್ರಹಕ್ಕಿ ಕೇಳಿಸಲೇ ಇಲ್ಲ, ಪಿಕಳಾರಗಳೂ ಕಮ್ಮಿ. 'ಕ್ಯಾಂಪಸ್‌ನ ಹಕ್ಕಿಗಳು ಮಾಯ!' ಅಂತ ಪೋಸ್ಟರ್ ರೆಡಿ ಮಾಡಿದ್ವಿ. ಅಂಟಿಸೋ ಮೊದಲು ಸೀನಿಯರ್ ಒಬ್ಬರು ಕೇಳಿದ್ರು: "ಎಷ್ಟು ಗಂಟೆಗೆ ಹೋಗಿದ್ರೋ?"

ಹೋದ ವರ್ಷ ಬೆಳಿಗ್ಗೆ ಆರೂವರೆಗೆ. ಈ ವರ್ಷ, ಹಾಸ್ಟೆಲ್‌ನಲ್ಲಿ ಹಿಂದಿನ ರಾತ್ರಿ ಬರ್ತ್‌ಡೇ ಇದ್ದದ್ದರಿಂದ, ಒಂಬತ್ತು ದಾಟಿತ್ತು. ಪೋಸ್ಟರ್ ಹಾಗೇ ಸುತ್ತಿಟ್ವಿ.

ನಾವು ಮಾಡೋದು 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್'. ಭಾರತ ಇದಕ್ಕೆ ಸೇರಿದ್ದು 2013ರಲ್ಲಿ. ಫೆಬ್ರವರಿಯ ನಾಲ್ಕು ದಿನಗಳಲ್ಲಿ ಕನಿಷ್ಠ 15 ನಿಮಿಷ ಒಂದು ಜಾಗದಲ್ಲಿ ಹಕ್ಕಿಗಳನ್ನು ಎಣಿಸಿ 'ಈಬರ್ಡ್'ನಲ್ಲಿ ಹಾಕಬೇಕು. ಸುಲಭ ಅನ್ಸುತ್ತೆ. ಆದ್ರೆ ಎರಡು ವರ್ಷದ ಲೆಕ್ಕ ಹೋಲಿಸೋದು ಸುಲಭ ಅಲ್ಲ.

ಮೊದಲ ಕಾರಣ ಎಣಿಸುವವರೇ. ಹೊತ್ತು, ದಾರಿ, ಜನ ಬದಲಾದ್ರೆ ಲೆಕ್ಕವೂ ಬದಲಾಗುತ್ತೆ. ಎರಡನೆಯದು ಊಟ. ಅತ್ತಿ, ಆಲದ ಮರಗಳೆಲ್ಲ ಒಂದೇ ಸಲ ಹಣ್ಣು ಬಿಡಲ್ಲ. ನಮ್ಮ ಹಾಸ್ಟೆಲ್ ಹಿಂದಿನ ಅತ್ತಿಮರ ಖಾಲಿ ಇದ್ದ ವಾರ ಹಕ್ಕಿಗಳು ಪಕ್ಕದ ಬಡಾವಣೆಯಲ್ಲಿರಬಹುದು. ಸತ್ತಿಲ್ಲ, ಮೆಸ್ ಬದಲಾಯಿಸಿವೆ ಅಷ್ಟೇ. ಮೂರನೆಯದು ಮಳೆ. ಗುಬ್ಬಚ್ಚಿ ಕಾಳು ತಿಂದು ಬದುಕುತ್ತೆ ನಿಜ, ಆದ್ರೆ ಅದರ ಮರಿಗಳಿಗೆ ಹುಳ ಬೇಕೇ ಬೇಕು. ಮಳೆ ಕೈಕೊಟ್ಟು ಹುಳ ಕಮ್ಮಿ ಆದ ವರ್ಷ ಮರಿಗಳೂ ಕಮ್ಮಿ ಉಳಿಯಬಹುದು.

ನಮ್ಮ ಭಾಷೇಲಿ ಹೇಳೋದಾದ್ರೆ, ಇದೆಲ್ಲ ನಾಯ್ಸ್. ಸಿಗ್ನಲ್ ಬೇಕಂದ್ರೆ ತುಂಬಾ ವರ್ಷ, ತುಂಬಾ ಜನ ಎಣಿಸಬೇಕು. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಗೆ 30,000ಕ್ಕೂ ಹೆಚ್ಚು ಜನರ ಪಟ್ಟಿಗಳು ಬಳಕೆಯಾಗಿವೆ. ಅಲ್ಲಿ ತಲೆ ಎಣಿಸಿ ಕೂಡಿಸಲ್ಲ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಆ ಹಕ್ಕಿ ಇದೆ ಅಂತ ನೋಡ್ತಾರೆ. ಹಾಗಾಗಿ ಎಣಿಸುವವರು ಹೆಚ್ಚಾದ ಮಾತ್ರಕ್ಕೆ ಹಕ್ಕಿ ಹೆಚ್ಚಾದಂತೆ ಕಾಣಲ್ಲ.

ಆ ಸಿಗ್ನಲ್ ಸಮಾಧಾನ ಕೊಡೋ ಥರ ಇಲ್ಲ. ದೀರ್ಘಾವಧಿಯ ಏರಿಳಿತ ಲೆಕ್ಕ ಹಾಕಲು ಸಾಧ್ಯವಾದ 338 ಜಾತಿಗಳಲ್ಲಿ ಶೇ. 60ರಷ್ಟು ಇಳಿದಿವೆ. ಕೋಗಿಲೆ, ಪಾರಿವಾಳ, ನವಿಲು ಹೆಚ್ಚಿವೆ. ಗುಬ್ಬಚ್ಚಿ ಕಥೆ ಬೇರೆ: 2020ರ ವರದಿ ಪ್ರಕಾರ ಇಡೀ ದೇಶದಲ್ಲಿ ಹೆಚ್ಚುಕಮ್ಮಿ ಸ್ಥಿರ, ಆದ್ರೆ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಇಳಿಕೆ. ಹೆಂಚಿನ ಮನೆಯ ಸಂದು ಹೋಗಿ ಗಾಜಿನ ಗೋಡೆ ಬಂದ್ರೆ ಗೂಡು ಎಲ್ಲಿ ಕಟ್ಟುತ್ತೆ? ಹುಳಗಳ ಕೊರತೆಯೂ ಕಾರಣ ಇರಬಹುದು. ಎಲ್ಲರೂ ಬೈಯೋ ಮೊಬೈಲ್ ಟವರ್ ವಿರುದ್ಧ ಮಾತ್ರ ಗಟ್ಟಿ ಪುರಾವೆ ಸಿಕ್ಕಿಲ್ಲ.

ಈಗ ಆ ಅತ್ತಿಮರ ಕಡಿದು ಪಾರ್ಕಿಂಗ್ ಮಾಡ್ತಾರೆ ಅನ್ನೋ ಮಾತಿದೆ. ಬೇಡ ಅಂತ ಕೇಳೋಕೆ ಹೋದ್ರೆ, "ಅಲ್ಲಿ ಏನಿದೆ?" ಅಂತಾರೆ. ಆಗ ತೋರಿಸೋಕೆ ಪಟ್ಟಿ ಬೇಕು, ಅದೂ ಒಂದೇ ಹೊತ್ತಿಗೆ, ಒಂದೇ ದಾರೀಲಿ, ವರ್ಷ ವರ್ಷ ಮಾಡಿದ ಪಟ್ಟಿ. ನಾವಿಲ್ಲಿ ಇರೋದು ನಾಲ್ಕೇ ವರ್ಷ, ಅಂದ್ರೆ ಗ್ರಾಫ್‌ನಲ್ಲಿ ನಾಲ್ಕು ಚುಕ್ಕೆ. ಐದನೆಯದನ್ನು ಜೂನಿಯರ್ಸ್ ಇಡಬೇಕು.

ಮುಂದಿನ ಫೆಬ್ರವರಿ, ಬೆಳಿಗ್ಗೆ ಆರೂವರೆ, ಅತ್ತಿಮರದ ಕೆಳಗೆ ಸಿಗೋಣ. ಅಲಾರಂ ಎರಡು ಇಡಿ.