ಹಳೆಯ ಕಾರಿನ ಪೆಟ್ರೋಲ್ ಫಿಲ್ಟರ್

ಭಾಲ್ಕಿಯಲ್ಲಿರುವ ನಮ್ಮ ಕಾಕಾನವರ ಪ್ರೀಮಿಯರ್ ಪದ್ಮಿನಿ ಬೀದರ ನಗರದೊಳಗೆ ಚೆನ್ನಾಗಿಯೇ ಓಡುತ್ತಿತ್ತು; ಔರಾದ ರಸ್ತೆಯಲ್ಲಿ ವೇಗ ಹೆಚ್ಚಿಸಿದೊಡನೆ ಎಳೆಯಲಾರದೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಪುನಃ ಹೊರಡುತ್ತಿತ್ತು. ಫಿಲ್ಟರ್ ಕಟ್ಟಿಕೊಂಡುದರ ಲಕ್ಷಣವಿದು. ನಿಧಾನದ ಓಟಕ್ಕೆ ಬೇಕಾದಷ್ಟು ಪೆಟ್ರೋಲ್ ಅದರೊಳಗಿಂದ ಜಿನುಗುತ್ತದೆ, ವೇಗಕ್ಕೆ ಸಾಲದು.

ಕಸವೆಲ್ಲಿಯದು? ಬೀದರದ ಕೆಂಪು ಧೂಳನ್ನು ಹಳಿಯುವವರೇ ಬಹಳ. ನನಗೆ ಗುಮಾನಿ ಇದ್ದುದು ಟ್ಯಾಂಕಿನೊಳಗಿನ ತುಕ್ಕಿನ ಮೇಲೆ. 2023ರಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ನಮ್ಮ ಕಬ್ಬಿನ ರೈತರಿಗೆ ಹಿತವೇ ಸರಿ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಜಿಡ್ಡನ್ನು ಸಡಿಲಿಸುತ್ತದೆ, ಹಳೆಯ ರಬ್ಬರ್ ನಳಿಗೆಗಳನ್ನೂ ಕೆಡಿಸಬಲ್ಲುದು.

ಬದಲಿಸುವುದು ಬಯಲಿನಲ್ಲಿ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿರಿ. ಬೀಡಿ ಸೇದುವ ಮಿತ್ರರನ್ನು ದೂರವಿಡಿರಿ. ಕ್ಲಿಪ್ಪು ಸಡಿಲಿಸಿ, ಟ್ಯಾಂಕಿನ ಕಡೆಯ ನಳಿಗೆಯ ಬಾಯಿಗೆ ಬೋಲ್ಟೊಂದನ್ನು ತುರುಕಿದರೆ ಪೆಟ್ರೋಲ್ ಸುರಿಯದು. ಹೊಸ ಫಿಲ್ಟರಿನ ಬಾಣದ ಗುರುತು ಕಾರ್ಬುರೇಟರಿನ ಕಡೆಗಿರಲಿ. ಬಿರುಕುಬಿಟ್ಟ ನಳಿಗೆಯನ್ನು ಉಳಿಸಿಕೊಳ್ಳುವುದು ಜಿಪುಣತನವಲ್ಲ, ಹುಚ್ಚು: ಸೋರಿದ ಪೆಟ್ರೋಲಿಗೆ ಒಂದು ಕಿಡಿ ಸಾಕು. ಕ್ಲಿಪ್ಪು ಬಿಗಿದು, ಬ್ಯಾಟರಿ ಜೋಡಿಸಿ, ಇಂಜಿನ್ ಓಡುತ್ತಿರುವಾಗಲೇ ಪ್ರತಿ ಜೋಡಣೆಯಲ್ಲಿ ತೇವವಿದೆಯೇ ಎಂದು ನೋಡಿರಿ.

ತೆಗೆದ ಫಿಲ್ಟರನ್ನು ಬಿಳಿಯ ಅರಿವೆಯ ಮೇಲೆ ಬಗ್ಗಿಸಿದೆ. ಕಂದು ಪುಡಿ ಉಳಿಯಿತು. ಟ್ಯಾಂಕನ್ನೇ ಇಳಿಸಿ ತೊಳೆಯಬೇಕಾಗಿದೆ.